ಟೆರೆನ್ಸ್ ಸಾರು ಬಡಿಸಿದ ದಿನ

ಬಾಸ್ಕೆಟ್‌ಬಾಲ್ ಆಟಗಾರರನ್ನು ಆರಿಸುವ ಕೆಲಸಕ್ಕೆ ಎತ್ತರ ಬೇಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ನೋಡಿದವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಅದೇ. ನಾನು ಗಿರಿಜಾ ಪಾಟೀಲ, ಹುಬ್ಬಳ್ಳಿಯವಳು, ಐದಡಿ ಎರಡಂಗುಲ. ಹಿಮ್ಮಡಿ ಎತ್ತರದ ಚಪ್ಪಲಿ ಮೆಟ್ಟಿದರೆ ಇನ್ನೊಂದು ಅಂಗುಲ ಕೂಡಿಸಿಕೊಳ್ಳಿ. ಜರ್ಮನಿಯ ಬೊಬ್ಲಿಂಗೆನ್ ಪಕ್ಕದ ಒಂದು ಊರಿನಲ್ಲಿ, ಎರಡನೇ ಲೀಗಿನ ಒಂದು ವೃತ್ತಿಪರ ಕ್ಲಬ್ಬಿನಲ್ಲಿ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದೆ. ಪಂದ್ಯಗಳ ವಿಡಿಯೋ ನೋಡುವುದು, ಕತ್ತರಿಸುವುದು, ಯಾರನ್ನು ತರಬೇಕು ಯಾರನ್ನು ಬಿಡಬೇಕು ಅಂತ ತರಬೇತುದಾರರ ಕಿವಿ ಕಚ್ಚುವುದು, ಇದು ನನ್ನ ಕೆಲಸವಾಗಿತ್ತು. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಫೋನ್ ಮಾಡಿ, ‘ಮೇಡಂ, ಆಟಗಾರ ಮುಂದೆ ಚೆನ್ನಾಗಿ ಆಡ್ತಾನೋ ಇಲ್ಲವೋ ಅಂತ ಯಾವ ಅಂಕಿ ನೋಡಿದ್ರೆ ಗೊತ್ತಾಗುತ್ತೆ?’ ಅಂತ ಕೇಳುತ್ತಾರೆ. ಅಯ್ಯೋ ದೇವರೇ! ಅಂಥದೊಂದು ಅಂಕಿ ಇದ್ದಿದ್ದರೆ ನನಗೆ ಇಷ್ಟು ವರ್ಷ ಸಂಬಳ ಯಾಕೆ ಕೊಡುತ್ತಿದ್ದರು? ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಾನು ಬಂದದ್ದು ಗ್ರೀನ್ ಕಾರ್ಡ್ ಕಾಲದಲ್ಲಿ. ಕಂಪ್ಯೂಟರ್ ಗೊತ್ತಿದ್ದವರಿಗೆ ಜರ್ಮನಿ ಸರ್ಕಾರ ಐದು ವರ್ಷದ ಪರವಾನಗಿ ಕೊಟ್ಟು ಕರೆಯುತ್ತಿತ್ತು. ಬಂದವರಲ್ಲಿ ಬಹುತೇಕ ಮಂದಿ ಮೀಸೆ ಈಗಷ್ಟೇ ಬಲಿತ ಹುಡುಗರು. ಅವರ ನಡುವೆ ನಲವತ್ತು ದಾಟಿದ ನಾನು, ಡಾಟಾಬೇಸ್ ಬರೆಯುವವಳು. ಜೊತೆಗೆ ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು, ‘ನೀ ದುಡಿ, ನಾ ರೊಟ್ಟಿ ಬಡೀತೀನಿ’ ಅಂತ ಬಂದ ನನ್ನ ಗಂಡ ವಸಂತ ಪಾಟೀಲರು. ಹೇಳಿದ ಮಾತಿಗೆ ತಪ್ಪದೆ ಇವತ್ತಿಗೂ ರೊಟ್ಟಿ ಬಡಿಯುತ್ತಾರೆ. ನನಗಿಂತ ತೆಳ್ಳಗೆ ಬರುತ್ತವೆ, ಅದನ್ನು ದಿನಾ ನೆನಪಿಸುತ್ತಾರೆ ಕೂಡ.

ನನ್ನನ್ನು ಕರೆಸಿಕೊಂಡ ಸಣ್ಣ ಕಂಪನಿ ಒಂದು ವರ್ಷ ಕಳೆಯುವಷ್ಟರಲ್ಲಿ ಬಾಗಿಲು ಹಾಕಿತು. ಅದರ ಮಾಲೀಕರು ಒಳ್ಳೆಯ ಮನುಷ್ಯ, ಊರಿನ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರೂ ಆಗಿದ್ದರು. ನಾನು ಧಾರವಾಡದ ವಿಶ್ವವಿದ್ಯಾಲಯದ ಟೀಮಿಗೆ ಆಡಿದವಳು ಎಂಬುದು ಅವರಿಗೆ ನೆನಪಿತ್ತು. ‘ಕ್ಲಬ್ಬಿಗೆ ಕಂಪ್ಯೂಟರ್ ಬೇಕು, ನಿಮಗೆ ಕೆಲಸ ಬೇಕು’ ಅಂತ ಅಲ್ಲಿಗೆ ಸೇರಿಸಿದರು. ವಿದೇಶಿಯರ ಪರವಾನಗಿ ನೋಡುವ ಔಸ್‌ಲೆಂಡರ್‌ಬೆಹೋರ್ಡೆಯ ಹೆಂಗಸಿಗೆ ಇದು ಅರ್ಥವೇ ಆಗಲಿಲ್ಲ. ಚೆಂಡಾಟಕ್ಕೆ ಮಾಹಿತಿ ತಂತ್ರಜ್ಞೆ ಯಾಕೆ? ನಾನು ಅವರ ಮೇಜಿನ ಮೇಲಿದ್ದ ಪೆನ್ನು, ರಬ್ಬರು, ಕಾಫಿ ಕಪ್ಪುಗಳನ್ನೇ ಆಟಗಾರರನ್ನಾಗಿ ನಿಲ್ಲಿಸಿ, ಯಾರು ಎಲ್ಲಿಂದ ಎಸೆದರೆ ಎಷ್ಟು ಬೀಳುತ್ತದೆ ಎಂಬುದನ್ನು ಕಂಪ್ಯೂಟರ್ ಹೇಗೆ ಹೇಳುತ್ತದೆ ಅಂತ ಆಡಿ ತೋರಿಸಿದೆ. ಕೊನೆಗೆ ಅವರೇ ಕಾಫಿ ಕಪ್ಪನ್ನು ಸರಿಸಿ, ‘ಇವನು ಇಲ್ಲಿ ನಿಂತರೆ?’ ಅಂತ ಕೇಳಿದರು. ಆಗ ಪರವಾನಗಿ ಸಿಕ್ಕಂತೆಯೇ ಅಂತ ಗೊತ್ತಾಯಿತು.

ಕ್ಲಬ್ಬಿನ ತರಬೇತುದಾರರು ಹೆರ್ ಬ್ರೆನ್ನರ್. ಒಣಕಲು ಮನುಷ್ಯ, ಕೊರಳಲ್ಲಿ ಸೀಟಿ, ಮುಖದಲ್ಲಿ ಸದಾ ಹಲ್ಲುನೋವಿನ ಕಳೆ. ಅವರ ಬಾಯಿಂದ ಮೆಚ್ಚುಗೆಯ ಮಾತು ಬರುವುದೆಂದರೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೂರಲು ಜಾಗ ಸಿಕ್ಕಂತೆ. ‘ಕೆಟ್ಟದಾಗಿರಲಿಲ್ಲ’ ಅಂದರೆ ಅದೇ ಪದಕ. ಮೊದಲ ತಿಂಗಳುಗಳಲ್ಲಿ ಅವರಿಗೆ ನಾನು ಪ್ರಿಂಟರ್ ರಿಪೇರಿಯ ಹೆಂಗಸು, ಅಷ್ಟೆ.

ಆಗಿನ ಕೆಲಸದ ರೀತಿ ಕೇಳಿದರೆ ಈಗಿನವರು ನಗುತ್ತಾರೆ. ಎರಡು ವಿಸಿಆರ್ ಪಕ್ಕಪಕ್ಕ ಇಟ್ಟು, ಒಂದರಲ್ಲಿ ಪಂದ್ಯ ಓಡಿಸಿ, ಬೇಕಾದ ತುಣುಕು ಬಂದಾಗ ಇನ್ನೊಂದರ ಗುಂಡಿ ಒತ್ತಬೇಕು. ಒಂದು ಕ್ಷಣ ತಡವಾದರೆ ಚೆಂಡು ಬುಟ್ಟಿಗೆ ಬಿದ್ದಾಗಿರುತ್ತಿತ್ತು, ಟೇಪಿನಲ್ಲಿ ಉಳಿಯುವುದು ಆಟಗಾರರ ಕುಣಿತ ಮಾತ್ರ. ಈಗ ಯಂತ್ರವೇ ಕತ್ತರಿಸಿ, ಬಣ್ಣ ಹಚ್ಚಿ, ಬಾಣ ಬರೆದು ಕೊಡುತ್ತದೆ. ಒಳ್ಳೆಯದೇ. ಆದರೆ ಆ ಹಳೆ ಕೆಲಸದಲ್ಲಿ ಒಂದು ಲಾಭವಿತ್ತು. ಬೇಕಾದ್ದನ್ನು ಹುಡುಕಲು ಬೇಡವಾದ್ದನ್ನೆಲ್ಲ ನೋಡಲೇಬೇಕಿತ್ತು.

ಏಜೆಂಟರು ಕಳಿಸುವ ಟೇಪುಗಳನ್ನು ಮಾತ್ರ ನಂಬಬೇಡಿ. ನಾನು ಒಮ್ಮೆ ನಂಬಿದೆ. ಲಾಟ್ವಿಯಾದ ಹುಡುಗ, ಟೇಪಿನಲ್ಲಿ ಎಲ್ಲರ ತಲೆಯ ಮೇಲಿಂದ ಚೆಂಡು ತುರುಕುತ್ತಿದ್ದ. ಭಾರಿ ಎತ್ತರ ಅಂದುಕೊಂಡು ಒಪ್ಪಿಗೆ ಕೊಡಿಸಿದೆ. ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣದಲ್ಲಿ ಹೆಸರಿನ ಫಲಕ ಹಿಡಿದು ಜನರ ತಲೆಗಳ ಮೇಲೆಲ್ಲ ಹುಡುಕುತ್ತ ನಿಂತಿದ್ದೇನೆ, ಪಕ್ಕದಲ್ಲೇ ಯಾರೋ ಕೆಮ್ಮಿದರು. ಅವನೇ! ಟೇಪಿನಲ್ಲಿ ಎದುರಿಗೆ ಆಡಿದ್ದವರು ಅವನ ಊರಿನ ಶಾಲಾ ಮಕ್ಕಳಂತೆ. ಬ್ರೆನ್ನರ್ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆದರೆ ಆ ಗಿಡ್ಡ ಹುಡುಗ ದೊಡ್ಡವರ ಮೊಣಕೈ ಕೆಳಗೆ ನುಗ್ಗಿ ಚೆಂಡು ಕಸಿಯುವುದರಲ್ಲಿ ಎಂಥ ಗಟ್ಟಿಗನಾದನೆಂದರೆ, ಎರಡು ವರ್ಷಕ್ಕೆ ಮೇಲಿನ ಲೀಗಿನವರು ಬಂದು ಎತ್ತಿಕೊಂಡು ಹೋದರು. ನನ್ನ ತಪ್ಪಿನಿಂದ ಕ್ಲಬ್ಬಿಗೆ ಆದ ಲಾಭ ಅಂತ ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಇನ್ನು ಟೆರೆನ್ಸ್ ವಿಷಯಕ್ಕೆ ಬರುತ್ತೇನೆ. ನನ್ನ ವೃತ್ತಿ ಜೀವನದಲ್ಲಿ ನೆನಪಿಡಬೇಕಾದ ಒಬ್ಬನೇ ಆಟಗಾರನನ್ನು ಹೇಳು ಅಂದರೆ ಅವನು.

ಟೆರೆನ್ಸ್ ಅಮೆರಿಕದವನು, ಆರಡಿ ಒಂಬತ್ತಂಗುಲ, ಇಪ್ಪತ್ತೇಳು ವರ್ಷ. ಬುಟ್ಟಿಯ ಕೆಳಗೆ ನಿಂತು ಅಂಕ ಗಳಿಸುವ ಸೆಂಟರ್ ಅಂತ ಕರೆಸಿದ್ದೆವು. ಬಂದ ಮೇಲೆ ನೋಡಿದರೆ ಆಸಾಮಿ ಅಲ್ಲಿ ನಿಲ್ಲುತ್ತಿದ್ದ, ಅಂಕ ಬರುತ್ತಿರಲಿಲ್ಲ. ಮೈ ಭಾರ, ಜಿಗಿತ ಕಡಿಮೆ. ಚೆಂಡು ಕೈಗೆ ಬಂದರೆ ಯಾರದೋ ಮಗುವನ್ನು ಎತ್ತಿಕೊಂಡವನ ಹಾಗೆ ಯಾರಿಗೆ ಕೊಡಲಿ ಅಂತ ಹುಡುಕುತ್ತಿದ್ದ. ಬ್ರೆನ್ನರ್ ಅವನಿಗೆ ‘ಕಪಾಟು’ ಅಂತ ಹೆಸರಿಟ್ಟಿದ್ದರು. ಸೀಸನ್ ಶುರುವಾಗಿ ನವೆಂಬರ್ ಬರುವಷ್ಟರಲ್ಲಿ ನಾವು ಪಟ್ಟಿಯ ತಳದಲ್ಲಿದ್ದೆವು. ಅವನನ್ನು ಮುಂದಿನ ವಾರದ ಕೊನೆಗೆ ವಾಪಸ್ ಕಳಿಸುವುದು, ಬದಲಿಗೆ ಸರ್ಬಿಯಾದ ಒಬ್ಬ ಸೆಂಟರನ್ನು ತರುವುದು ಅಂತ ತೀರ್ಮಾನವಾಯಿತು. ಅವನಿಗೆ ಇನ್ನುಳಿದದ್ದು ಮುಂದಿನ ಶನಿವಾರದ ಒಂದು ಪಂದ್ಯ. ವಿಮಾನದ ಟಿಕೆಟ್ಟೂ ಬಂದಿತ್ತು.

ಅದನ್ನು ಅವನಿಗೆ ಕೊಡುವ ಕೆಲಸ ನನ್ನ ತಲೆಗೆ ಬಂತು. ಹುಡುಗ ಸಿಟ್ಟು ಮಾಡಲಿಲ್ಲ, ಕೂಗಾಡಲಿಲ್ಲ. ‘ಸರಿ ಮ್ಯಾಮ್’ ಅಂದ. ‘ಇದು ನನ್ನ ಐದನೇ ಕ್ಲಬ್ಬು. ಆರನೆಯದು ಕರೆಯೋದಿಲ್ಲ. ನಮ್ಮ ಮಾವನ ಜೊತೆ ಮನೆಮನೆಗೆ ಕಾರ್ಪೆಟ್ ಹಾಸೋ ಕೆಲಸಕ್ಕೆ ಸೇರ್ಕೋತೀನಿ.’ ಕಾರ್ಪೆಟ್ ಹಾಸುವುದು ಕೆಟ್ಟ ಕೆಲಸವೇನಲ್ಲ. ಆದರೆ ಅದನ್ನು ಹೇಳುವಾಗ ಅವನು ಅಂಗಳದ ಬುಟ್ಟಿಯನ್ನೇ ನೋಡುತ್ತಿದ್ದ.

ಇದು ಶುಕ್ರವಾರದ ಮಾತು. ಭಾನುವಾರ ನಮ್ಮ ಕನ್ನಡ ಕುಟುಂಬಗಳ ರಾಜ್ಯೋತ್ಸವದ ಊಟ. ಸುತ್ತಲಿನ ಕಂಪನಿಗಳಲ್ಲಿದ್ದವರೆಲ್ಲ ಸೇರುತ್ತಿದ್ದರು. ಬೆಳಗಾವಿ ಬಿಜಾಪುರದವರು, ಉಡುಪಿ ಮಂಗಳೂರಿನವರು, ಹಿಂದೂಗಳು, ಕ್ರಿಶ್ಚಿಯನ್ನರು ಎಲ್ಲ. ಜಾಗ ಯಾವುದು? ನಮ್ಮ ಕ್ಲಬ್ಬಿನ ಆಟದ ಹಾಲ್. ಅದರ ಉಸ್ತುವಾರಿ ನೋಡುವ ಹೌಸ್‌ಮೈಸ್ಟರ್ ಮುದುಕರಿಗೆ ಮರದ ನೆಲವೇ ಪ್ರಾಣ. ಬೂಟುಗಾಲಿನವರನ್ನು ಕಂಡರೆ ಪೊರಕೆ ಹಿಡಿದು ಬರುತ್ತಿದ್ದರು. ‘ನಮ್ಮ ಜನ ಬರಿಗಾಲಲ್ಲಿ ಬಂದು ನೆಲದ ಮೇಲೆ ಕೂರುತ್ತಾರೆ, ಕುರ್ಚಿ ಮೇಜು ಏನೂ ಬೇಡ’ ಅಂದೆ. ಮುದುಕರ ಕಣ್ಣು ತುಂಬಿ ಬಂತು. ಇಷ್ಟು ಸುಸಂಸ್ಕೃತ ಜನರನ್ನು ತಾವು ಕಂಡೇ ಇಲ್ಲ ಅಂತ ಹೇಳಿ, ನೆಲಕ್ಕೆ ಹೊದಿಸುವ ದಪ್ಪ ಹಾಸನ್ನು ತಾವೇ ತಂದು ಹಾಸಿಕೊಟ್ಟರು.

ಊಟದ ಯಜಮಾನಿಕೆ ನಮ್ಮ ಮನೆಯವರದು. ಬಾಳೆಲೆ ಎಲ್ಲಿ ತರುವುದು? ಕೇಕ್ ಬೇಯಿಸಲು ಬಳಸುವ ಬಾಕ್‌ಪಾಪಿಯರ್ ಎಂಬ ಕಾಗದದ ಸುರುಳಿಗಳನ್ನು ತಂದು ಎಲೆಯಳತೆಗೆ ಕತ್ತರಿಸಿದ್ದರು. ಬರುವವರು ಮುಂಚಿತವಾಗಿ ತಿಳಿಸಿ ಅಂದರೆ ನಮ್ಮ ಮಂದಿ ತಿಳಿಸುತ್ತಾರೆಯೇ? ಒಂದು ಪಂಕ್ತಿ ಅಂದುಕೊಂಡದ್ದು ಮೂರು ಪಂಕ್ತಿಯಾಯಿತು. ಬಡಿಸಲು ಗೊತ್ತು ಮಾಡಿದ್ದ ಹುಡುಗರು ಅಬ್‌ಸ್ಟಾಟ್ ಕಡೆಯಿಂದ ಮಂಗಳೂರಿನ ಶೆಟ್ಟರ ವ್ಯಾನಿನಲ್ಲಿ ಬರಬೇಕಿತ್ತು. ಬಂದದ್ದು ಶೆಟ್ಟರ ಫೋನು.

‘ಅಕ್ಕಾ, ಎಂತ ಹೇಳುದು ಮಾರಾಯ್ರೆ, ಹೈವೇಯಲ್ಲಿ ಟ್ರಾಫಿಕ್ ಜಾಮ್. ವ್ಯಾನ್ ಒಂದು ಇಂಚು ಮುಂದೆ ಹೋಗುದಿಲ್ಲ. ನೀವು ಊಟ ಶುರು ಮಾಡಿ ಆಯ್ತಾ. ಪಾಯಸ ಮಾತ್ರ ನಮ್ಮ ಹತ್ರ ಉಂಟು.’

ನಮ್ಮ ಮನೆಯವರು ತಲೆಯ ಮೇಲೆ ಕೈ ಹೊತ್ತು ನಿಂತರು. ಜನ ಸಾಲಾಗಿ ಕೂತಾಗಿದೆ, ಮಕ್ಕಳು ಜರ್ಮನ್‌ನಲ್ಲಿ ‘ಹಸಿವು, ಹಸಿವು’ ಅಂತ ರಾಗ ಎಳೆಯುತ್ತಿವೆ. ಅಷ್ಟರಲ್ಲಿ ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಬೆಳಗಿನ ತಾಲೀಮು ಮುಗಿಸಿ ಸ್ನಾನ ಮಾಡಿ ಹೊರಟಿದ್ದ ನಾಲ್ವರು ಆಟಗಾರರು, ಟೆರೆನ್ಸನೂ ಅವರಲ್ಲೊಬ್ಬ, ಒಗ್ಗರಣೆಯ ವಾಸನೆಗೆ ಅಲ್ಲೇ ನಿಂತುಬಿಟ್ಟರು. ನಮ್ಮವರ ಮುಖ ಅರಳಿತು.

‘ಗಿರಿಜಾ, ನಿನ್ನ ಮಂದೀನ ಇತ್ತ ಕರಿ. ಎತ್ತರ ಅದಾರ, ಪಾಡಾತು, ಎಲ್ಲಾ ಎಲಿ ಕಾಣಸ್ತಾವ.’

‘ರೀ, ಅವರು ವೃತ್ತಿಪರ ಆಟಗಾರರು ರೀ! ಸಾರು ಬಡಸಾಕ ಬಂದಾರೇನು?’

‘ಉಣ್ಣಾಕಂತೂ ಬರ್ತಾರಲ್ಲ? ಹಂಗಾರ ಬಡಸಲಿ.’

ಐದು ನಿಮಿಷ ಕ್ಲಾಸು ನಡೆಯಿತು, ನಮ್ಮವರ ಬ್ಯಾಂಕಿನ ಇಂಗ್ಲಿಷಿನಲ್ಲಿ. ಉಪ್ಪು ಮೊದಲು, ಎಡಗಡೆ. ಸಾಲಿನ ತಲೆಯಿಂದ ಶುರು, ನಡುವೆ ಯಾರನ್ನೂ ದಾಟಬಾರದು. ‘ಮುಖ್ಯವಾದ ಮಾತು,’ ಅಂತ ಬೆರಳು ಎತ್ತಿದರು. ‘ನಮ್ಮ ಜನ ಬೇಡ ಅನ್ನುತ್ತಾರೆ. ನಂಬಬೇಡಿ. ಒಂದು ಕೈ ಅಡ್ಡ ಹಿಡಿದರೆ ಅದು ಮರ್ಯಾದೆ, ಒಂದು ಸೌಟು ಹಾಕಿ. ಎರಡೂ ಕೈ ಅಡ್ಡ ಹಿಡಿದು ಎಲೆಯ ಮೇಲೆ ಬಗ್ಗಿದರೆ ಮಾತ್ರ ನಿಜ. ಮತ್ತೆ, ಬಡಿಸುವವರ ಊಟ ಎಲ್ಲರದೂ ಆದ ಮೇಲೆ.’

ನಮ್ಮ ಗಾರ್ಡ್, ಅಂದರೆ ಚೆಂಡು ನಡೆಸುವ ಆಟಗಾರ, ಟೋಬಿಯಾಸ್, ಟೀಮಿನ ಜಾಣ, ಕೋಸಂಬರಿ ಹಿಡಿದು ಹೊರಟ. ಒಬ್ಬರಿಗೆ ಗುಡ್ಡೆ, ಇನ್ನೊಬ್ಬರಿಗೆ ನಾಲ್ಕು ಕಾಳು. ಗದಗಿನಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜಿ ಒಂದು ಕೈ ಅಡ್ಡ ಹಿಡಿದರೆ ‘ಸರಿ’ ಅಂತ ಮುಂದೆ ಹೋಗಿಬಿಟ್ಟ. ಅಜ್ಜಿ ಬಾಯಿ ತೆರೆದು ಕೂತರು, ಪಾಪ. ಮತ್ತೊಬ್ಬ ಪಲ್ಯವನ್ನು ಎಲೆಯ ಮೇಲೆ ಹಾಕುವ ಬದಲು ಎಸೆದ. ಸಾಲಿನುದ್ದಕ್ಕೂ ನಗೆಯೋ ನಗೆ.

ಟೆರೆನ್ಸನ ಕೈಗೆ ಸಾರಿನ ಬಕೆಟ್ಟು ಬಂದಿತ್ತು. ನಾನೂ ಸಾಲಿನಲ್ಲಿ ಕೂತಿದ್ದೆ. ಅನ್ನದ ನಡುವೆ ಗುಳಿ ಮಾಡಿ ತಲೆ ಎತ್ತುವಷ್ಟರಲ್ಲಿ ಸಾರು ಬಿತ್ತು. ಅಷ್ಟೂ ದೂರದಿಂದ ಬಂದದ್ದು ಯಾವಾಗ? ಆಮೇಲೆ ನಾನು ಊಟ ಬಿಟ್ಟು ಅವನನ್ನೇ ನೋಡತೊಡಗಿದೆ. ಅವನು ಯಾರನ್ನೂ ‘ಬೇಕೇ’ ಅಂತ ಕೇಳುತ್ತಿರಲಿಲ್ಲ. ಈ ಎಲೆಗೆ ಬಡಿಸುವಾಗಲೇ ಅವನ ಕಣ್ಣು ಆಚೆಯ ನಾಲ್ಕನೇ ಎಲೆಯ ಮೇಲೆ. ಬಾಕ್‌ಪಾಪಿಯರ್ ಮೇಲೆ ಸಾರು ನಿಲ್ಲದೆ ಹರಿಯುತ್ತದೆ ಅಂತ ಮೊದಲ ಎಲೆಯಲ್ಲೇ ತಿಳಿದು, ಮುಂದೆಲ್ಲ ಅನ್ನದ ಗುಳಿಗೆ ಮಾತ್ರ, ಸ್ವಲ್ಪ ಸ್ವಲ್ಪ, ಎರಡು ಸಲ. ಅಜ್ಜಿ ಒಂದು ಕೈ ಅಡ್ಡ ಹಿಡಿದರು. ಬೆರಳ ಸಂದಿಯಿಂದ ಇಳಿಸಿದ. ಪಕ್ಕದ ಕುಲಕರ್ಣಿಯವರೂ ಒಂದೇ ಕೈ ಅಡ್ಡ ಹಿಡಿದರು. ಅವರ ಮುಖ ನೋಡಿ, ಇದು ನಿಜ ಅಂತ ದಾಟಿ ಹೋದ. ಕೈಯ ಲೆಕ್ಕ ನಮ್ಮವರು ಹೇಳಿಕೊಟ್ಟದ್ದು. ಸುಳ್ಳು ‘ಬೇಡ’ ಯಾವುದು, ನಿಜವಾದ ‘ಬೇಡ’ ಯಾವುದು ಅಂತ ಮುಖದಲ್ಲೇ ಓದುವುದನ್ನು ಯಾರು ಹೇಳಿಕೊಟ್ಟಿದ್ದರು?

‘ಏ ಗಿರಿಜಾ, ಈ ಹುಡುಗ ಎಷ್ಟ ಶಾಣ್ಯಾ ಅದಾನ ನೋಡ,’ ಅಂತ ನಮ್ಮವರು ಬಂದು ಕಿವಿಯಲ್ಲಿ ಹೇಳಿದರು. ‘ನಮ್ಮ ತಮ್ಮನ ಮದುವ್ಯಾಗ ಇಂಥಾವ ಒಬ್ಬ ಇದ್ದಿದ್ರ ನನ್ನ ಮರ್ಯಾದಿ ಉಳೀತಿತ್ತು.’

ನನಗೆ ಅವರ ತಮ್ಮನ ಮದುವೆ ಎಲ್ಲಿ ಬೇಕಿತ್ತು? ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಆಟದಲ್ಲಿ ನಾವು ಈ ಹುಡುಗನನ್ನು ಎಲ್ಲಿ ನಿಲ್ಲಿಸಿದ್ದೇವೆ? ಬುಟ್ಟಿಯ ಕೆಳಗೆ, ಉಳಿದ ನಾಲ್ವರಿಗೆ ಬೆನ್ನು ತಿರುಗಿಸಿ. ಪಂಕ್ತಿಗೆ ಬೆನ್ನು ಹಾಕಿ ನಿಂತವನು ಏನು ಬಡಿಸಿಯಾನು?

ಎಲ್ಲರ ಊಟ ಮುಗಿದ ಮೇಲೆ ನಮ್ಮವರು ಟೆರೆನ್ಸನ ತೋಳು ಹಿಡಿದು ಕೂರಿಸಿದರು. ‘ಈಗ ನೀ ಉಣ್ಣೋ! ನೌ ಯೂ ಈಟ್!’ ಅಂತ ಎರಡೂ ಭಾಷೆಯಲ್ಲಿ ಅಬ್ಬರಿಸಿ ತಾವೇ ಬಡಿಸಿದರು. ಆ ಉದ್ದನೆಯ ಕಾಲುಗಳನ್ನು ಮಡಿಸಲಾರದೆ ಅವನು ಎರಡು ಎಲೆಯ ಜಾಗ ಹಿಡಿದು ಕೂತಿದ್ದ. ನಾನು ಎದುರಿಗೆ ಕೂತು ಕೇಳಿದೆ.

‘ಇದನ್ನ ಎಲ್ಲಿ ಕಲಿತೆ?’

‘ಏನನ್ನ ಮ್ಯಾಮ್?’

‘ಯಾರಿಗೆ ಯಾವಾಗ ಬೇಕು ಅಂತ ಮೊದಲೇ ಕಾಣೋದನ್ನ.’

ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಬಾಯಲ್ಲಿದ್ದ ಹೋಳಿಗೆ ನುಂಗಿ ಹೇಳಿದ. ‘ಹದಿನೈದು ವರ್ಷದ ತನಕ ನಾನು ಗಿಡ್ಡ ಇದ್ದೆ ಮ್ಯಾಮ್. ಚೆಂಡು ನಡೆಸೋನು ನಾನೇ. ಆಮೇಲೆ ಒಂದು ಬೇಸಿಗೆಯಲ್ಲಿ ಬೆಳೆದುಬಿಟ್ಟೆ. ಶಾಲೆಗೆ ವಾಪಸ್ ಹೋದ ದಿನ ಕೋಚ್ ನನ್ನ ಬುಟ್ಟಿ ಕೆಳಗೆ ನಿಲ್ಲಿಸಿದ್ರು. ಆವತ್ತಿಂದ ಎಲ್ಲರೂ ಅಲ್ಲೇ ನಿಲ್ಲಿಸ್ತಾರೆ.’

‘ನೀನು ಯಾರಿಗೂ ಹೇಳಲಿಲ್ಲವೇ?’

‘ಯಾರೂ ಕೇಳಲಿಲ್ಲ.’

ನೋಡಿ, ಇಷ್ಟೇ. ಐದು ಕ್ಲಬ್ಬು, ಐದು ತರಬೇತುದಾರರು, ಒಬ್ಬರೂ ಕೇಳಿರಲಿಲ್ಲ. ನನಗೆ ಅಂದು ಎಷ್ಟು ಖುಷಿಯಾಯಿತೆಂದರೆ, ಅಷ್ಟು ಹೊತ್ತಿಗೆ ಬಂದ ಶೆಟ್ಟರ ಪಾಯಸವನ್ನು ಎರಡು ಲೋಟ ಕುಡಿದುಬಿಟ್ಟೆ.

ಮರುದಿನ ಹಳೆಯ ಪಂದ್ಯಗಳ ಟೇಪುಗಳನ್ನೆಲ್ಲ ಹಾಕಿ ಕೂತೆ. ಚೆಂಡನ್ನು ಬಿಟ್ಟು ಟೆರೆನ್ಸನ ಕಣ್ಣನ್ನು ಮಾತ್ರ ನೋಡಿದೆ. ಎಲ್ಲ ಕಡೆಯೂ ಒಂದೇ. ಯಾರೋ ಒಬ್ಬ ಎದುರಾಳಿಯ ಕಾವಲು ತಪ್ಪಿಸಿಕೊಂಡು ಬಿಡುವಾಗುತ್ತಾನೆ ಅನ್ನುವ ಮುಂಚೆಯೇ ಇವನ ಕತ್ತು ಆ ಕಡೆ ಹೊರಳಿದೆ, ಆದರೆ ಚೆಂಡು ಇವನ ಬಳಿ ಇಲ್ಲ. ಆ ತುಣುಕುಗಳನ್ನು ಒಟ್ಟು ಮಾಡಿ ಬ್ರೆನ್ನರ್ ಕೋಣೆಗೆ ಹೋದೆ. ಜೊತೆಗೆ ಡಬ್ಬಿಯಲ್ಲಿ ಹೋಳಿಗೆ. ಹೋಳಿಗೆ ಬಾಯಲ್ಲಿದ್ದರೆ ಬಯ್ಯಲಾಗುವುದಿಲ್ಲ ಅಂತ ನಮ್ಮವರ ಉಪಾಯ.

ಬ್ರೆನ್ನರ್ ಟೇಪು ನೋಡಿದರು, ಹೋಳಿಗೆ ನುಂಗಿದರು, ಆಮೇಲೆ ಶುರು ಮಾಡಿದರು. ‘ಫ್ರಾವ್ ಪಾಟೀಲ್, ಕಪಾಟಿನ ಕೈಗೆ ಚೆಂಡು ಕೊಟ್ಟು ಆಟ ನಡೆಸು ಅಂತ ಹೇಳಬೇಕೇ? ಅಧ್ಯಕ್ಷರು ಕೇಳಿದರೆ ಏನನ್ನಲಿ? ಅವನು ಸೂಪ್ ಚೆನ್ನಾಗಿ ಬಡಿಸಿದ ಅಂತಲೇ?’

‘ಸೂಪ್ ಅಲ್ಲ, ಸಾರು,’ ಅಂದೆ. ‘ಹೇಗೂ ಅವನನ್ನು ಕಳಿಸುತ್ತಿದ್ದೀರಿ. ಶನಿವಾರದ ಪಂದ್ಯ ಒಂದನ್ನು ಕೊಡಿ. ಕೆಟ್ಟರೆ ಇನ್ನು ಮುಂದೆ ನಾನು ಆಟಗಾರರ ಬಗ್ಗೆ ಬಾಯಿ ಬಿಡುವುದಿಲ್ಲ. ಪ್ರಿಂಟರ್ ನೋಡಿಕೊಂಡು ಇರುತ್ತೇನೆ.’

ಅವರು ಇನ್ನೊಂದು ಹೋಳಿಗೆ ಎತ್ತಿಕೊಂಡರು. ಪ್ರಿಂಟರ್ ಹೆಂಗಸು ಶಾಶ್ವತವಾಗಿ ಬಾಯಿ ಮುಚ್ಚುತ್ತಾಳೆಂಬ ಆಸೆಯೇ ಗೆದ್ದಿರಬೇಕು. ‘ಒಂದು ಪಂದ್ಯ,’ ಅಂದರು.

ಆ ವಾರದ ತಾಲೀಮು ನೋಡುವ ಹಾಗಿರಲಿಲ್ಲ. ಹನ್ನೆರಡು ವರ್ಷ ಚೆಂಡು ನಡೆಸದ ಹುಡುಗ, ತನ್ನ ಕಾಲಿಗೆ ತಾನೇ ಬಡಿದುಕೊಂಡು ಚೆಂಡು ಕಳೆಯುತ್ತಿದ್ದ. ಜೊತೆಯವರು ಬಾಯಿಗೆ ಬಟ್ಟೆ ತುರುಕಿ ನಗುತ್ತಿದ್ದರು. ತನ್ನ ಜಾಗ ಹೋಯಿತೆಂದು ಟೋಬಿಯಾಸನ ಮುಖ ಊದಿಕೊಂಡಿತ್ತು. ನಾನು ಮನೆಯಲ್ಲಿ ಅನ್ನ ಮುಂದಿಟ್ಟುಕೊಂಡು ಕೂತರೆ ನಮ್ಮವರು, ‘ಯಾಕ ಚಿಂತಿ ಮಾಡ್ತಿ? ಬಡಸೋ ಕೈ ಸುಳ್ಳ ಹೇಳೂದಿಲ್ಲ,’ ಅನ್ನುತ್ತಿದ್ದರು. ಅವರಿಗೇನು, ಅವರಿಗೆ ಬ್ರೆನ್ನರ್ ಮುಖ ನೋಡುವುದಿರಲಿಲ್ಲ.

ಶನಿವಾರ ಹಾಲಿಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ಒಂದು ಕಡೆಯ ಮೆಟ್ಟಿಲುಗಳ ತುಂಬ ನಮ್ಮ ಜನ! ಗದಗಿನ ಅಜ್ಜಿ ಸ್ವೆಟರು, ಮಫ್ಲರು ಸುತ್ತಿಕೊಂಡು ಮೊದಲ ಸಾಲಿನಲ್ಲಿ. ಶೆಟ್ಟರ ವ್ಯಾನೂ ಈ ಸಲ ಹೊತ್ತಿಗೆ ಸರಿಯಾಗಿ ಬಂದಿತ್ತು. ಹುಡುಗನನ್ನು ವಾಪಸ್ ಕಳಿಸುತ್ತಾರಂತೆ ಅಂತ ನಮ್ಮವರು ಎಲ್ಲರಿಗೂ ಫೋನ್ ಮಾಡಿದ್ದರು. ‘ಅವನ ಕೈಯ್ಯಿಂದ ಉಂಡದ್ದಲ್ವಾ ನಾವು,’ ಅಂದರು ಶೆಟ್ಟರು. ‘ಉಂಡು ಕೈ ತೊಳೆದು ಹೋಗ್ಲಿಕ್ಕೆ ಆಗ್ತದಾ? ನೀವೇ ಹೇಳಿ ಅಕ್ಕಾ.’ ಅವರಲ್ಲಿ ಅರ್ಧ ಜನಕ್ಕೆ ಬಾಸ್ಕೆಟ್‌ಬಾಲ್ ನಿಯಮ ಗೊತ್ತಿರಲಿಲ್ಲ. ಎದುರಿನವರು ಅಂಕ ಗಳಿಸಿದಾಗಲೂ ಒಂದೆರಡು ಸಲ ಚಪ್ಪಾಳೆ ತಟ್ಟಿದರು.

ಮೊದಲರ್ಧ ಕೆಟ್ಟಿತು. ಟೆರೆನ್ಸ್ ಕೊಟ್ಟ ಚೆಂಡು ಬಿಡುವಾದವನ ಬಳಿಗೇ ಹೋಗುತ್ತಿತ್ತು, ಆದರೆ ಅವನು ಅದನ್ನು ನಿರೀಕ್ಷಿಸದೆ ಬೇರೆಲ್ಲೋ ನೋಡುತ್ತಿದ್ದ. ಒಂದು ಟೋಬಿಯಾಸನ ಕಿವಿಗೇ ಬಡಿಯಿತು. ಬ್ರೆನ್ನರ್ ಟೆರೆನ್ಸನನ್ನು ಆಟದಿಂದ ಹೊರಗೆ ಕರೆದು ಬೆಂಚಿನ ತುದಿಗೆ ಕೂರಿಸಿದರು, ನನ್ನ ಕಡೆ ತಿರುಗಿ ಪ್ರಿಂಟ್ ತೆಗೆಯುವ ಹಾಗೆ ಕೈ ಆಡಿಸಿದರು. ಟೆರೆನ್ಸ್ ಟವೆಲ್ಲು ತಲೆಗೆ ಹೊದ್ದು ಕೂತ. ಎಲ್ಲ ಮುಗಿಯಿತು ಅಂದುಕೊಂಡೆ. ನನ್ನ ಮಾತು ಹೋದರೆ ಹೋಗಲಿ, ಈ ಹುಡುಗ ಮತ್ತೆ ಯಾವತ್ತೂ ಚೆಂಡು ಮುಟ್ಟುವುದಿಲ್ಲವಲ್ಲ ಅಂತ ಅಳುವೇ ಬಂತು.

ವಿರಾಮದಲ್ಲಿ ಟೋಬಿಯಾಸ್ ಕಿವಿ ಉಜ್ಜಿಕೊಳ್ಳುತ್ತ ಬ್ರೆನ್ನರ್ ಬಳಿ ಬಂದ. ಅವನ ಮಾತನ್ನು ನಾನೇ ಕೇಳಿದ್ದೇನೆ. ‘ಕೋಚ್, ಚೆಂಡು ಬಂದಾಗ ನನ್ನ ಹತ್ತಿರ ಎದುರಾಳಿ ಯಾರೂ ಇರಲಿಲ್ಲ. ಒಬ್ಬನೂ ಇರಲಿಲ್ಲ. ಕಪಾಟನ್ನ ಮತ್ತೆ ಇಳಿಸಿ. ಈ ಸಲ ನಾವು ನೋಡ್ತಿರ್ತೀವಿ.’ ಜಾಗ ಕಳೆದುಕೊಂಡವನು ಆಡಿದ ಮಾತು ಅದು. ಟೋಬಿಯಾಸ್ ಈಗ ಒಂದು ಶಾಲೆಯ ಮುಖ್ಯಸ್ಥ. ಎಲ್ಲಿ ಸಿಕ್ಕರೂ ನಾನು ಆ ಕಿವಿಯನ್ನು ಮುಟ್ಟಿ ನಮಸ್ಕಾರ ಮಾಡುತ್ತೇನೆ.

ಎರಡನೆಯ ಅರ್ಧದಲ್ಲಿ ಪಂಕ್ತಿ ಕೂತಿತು. ಟೆರೆನ್ಸ್ ಬುಟ್ಟಿಯಿಂದ ದೂರ ಬಂದು, ಅದಕ್ಕೆ ಮುಖ ಮಾಡಿ, ಎಲ್ಲರೂ ಕಾಣುವ ಕಡೆ ನಿಂತ. ಇವನನ್ನು ನೋಡುತ್ತ ಅವನಿಗೆ ಕೊಟ್ಟ, ಅವನ ಕಡೆ ಕೈ ತೋರಿಸಿ ಮೂರನೆಯವನಿಗೆ ಕೊಟ್ಟ. ಎದುರಾಳಿಗಳ ಸುಳ್ಳು ಚಲನೆಗೆ ಮೋಸಹೋಗಲಿಲ್ಲ, ನಿಜವಾದದ್ದು ಬಂದಾಗ ಹಾದಿ ಬದಲಿಸಿದ. ನಮ್ಮ ಜನಕ್ಕೆ ಈಗ ಆಟ ಅರ್ಥವಾಗಿಬಿಟ್ಟಿತು. ‘ಬಡಸೋ! ಬಡಸೋ!’ ಅಂತ ನಮ್ಮವರು ಶುರು ಮಾಡಿದರು, ಹಿಂದೆಯೇ ಎಲ್ಲರೂ. ಆಚೆ ಕಡೆಯ ಜರ್ಮನ್ನರಿಗೆ ಏನೆಂದು ಗೊತ್ತಾಗದಿದ್ದರೂ ಡೋಲು ಬಡಿಯುವವನು ತಾಳ ಹಿಡಿದ. ಇಡೀ ಹಾಲ್ ತುಂಬ ‘ಬಡಸೋ! ಬಡಸೋ!’ ಹೌಸ್‌ಮೈಸ್ಟರ್ ಮುದುಕರು ಪೊರಕೆಯಿಂದಲೇ ನೆಲ ಕುಟ್ಟಿ ತಾಳ ಹಾಕುತ್ತಿದ್ದರು.

ಕೊನೆಯ ಕೆಲವು ಕ್ಷಣ. ನಾವು ಒಂದೇ ಅಂಕ ಹಿಂದೆ, ಚೆಂಡು ಟೆರೆನ್ಸನ ಕೈಯಲ್ಲಿ. ಆ ಹೊತ್ತಿಗೆ ಎದುರಾಳಿಗಳೂ ಪಾಠ ಕಲಿತಿದ್ದರು, ಇವನು ಎಸೆಯುವುದಿಲ್ಲ, ಕೊಡುತ್ತಾನೆ. ಉಳಿದ ನಾಲ್ವರಿಗೂ ಜಿಗುಟಾಗಿ ಅಂಟಿಕೊಂಡರು. ಇವನ ಮುಂದೆ ಮಾತ್ರ ದಾರಿ ಬಟಾಬಯಲು. ಆದರೆ ಇವನಿಗೆ ಅದು ಕಾಣುತ್ತಲೇ ಇಲ್ಲ! ಇನ್ನೂ ಯಾರಿಗೆ ಕೊಡಲಿ ಅಂತ ಹುಡುಕುತ್ತಿದ್ದಾನೆ. ಆಗ ಮೆಟ್ಟಿಲುಗಳ ಮೇಲಿಂದ, ಡೋಲಿನ ಸದ್ದನ್ನೂ ಸೀಳಿಕೊಂಡು, ನಮ್ಮವರ ದನಿ ಬಂತು.

‘ಟೆರೆನ್ಸಾ! ಎಲ್ಲಾರದೂ ಆತೋ! ಈಗ ನೀ ಉಣ್ಣೋ!’

ಹುಡುಗ ಒಮ್ಮೆ ರೆಪ್ಪೆ ಬಡಿದ. ಎರಡು ದೊಡ್ಡ ಹೆಜ್ಜೆ ಹಾಕಿದ. ಚೆಂಡನ್ನು ಮೆಲ್ಲಗೆ, ಸೌಟು ಬಗ್ಗಿಸಿದ ಹಾಗೆ, ಬುಟ್ಟಿಗೆ ಇಳಿಸಿದ.

ಆಮೇಲೆ ಏನಾಯಿತು ಅಂತ ನನಗೆ ಪೂರ್ತಿ ನೆನಪಿಲ್ಲ. ಗದಗಿನ ಅಜ್ಜಿ ಅಂಗಳಕ್ಕೆ ಇಳಿದು, ತನ್ನ ಎದುರು ಬಗ್ಗಿ ನಿಂತ ಟೆರೆನ್ಸನ ದೃಷ್ಟಿ ತೆಗೆದು ಲಟಿಕೆ ಮುರಿದದ್ದು ನೆನಪಿದೆ. ಬೂಟು ಹಾಕಿಕೊಂಡು ನೆಲದ ಮೇಲೆ ಕುಣಿಯುತ್ತಿದ್ದ ಜನರನ್ನು ಹೌಸ್‌ಮೈಸ್ಟರ್ ಬಯ್ಯದೆ ಬಿಟ್ಟದ್ದು ನೆನಪಿದೆ. ಬ್ರೆನ್ನರ್ ನನ್ನ ಹತ್ತಿರ ಬಂದು, ಹಲ್ಲುನೋವಿನ ಮುಖದಲ್ಲೇ, ‘ಕೆಟ್ಟದಾಗಿರಲಿಲ್ಲ,’ ಅಂದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ‘ಸರ್ಬಿಯಾದವನೂ ಮಂಗಳವಾರ ಬರುತ್ತಿದ್ದಾನೆ. ಬುಟ್ಟಿಯ ಕೆಳಗೆ ಅವನು ನಿಲ್ಲಲಿ. ನಿಮ್ಮ ಮುಂದಿನ ಊಟ ಯಾವಾಗ? ಅವನು ಹೇಗೆ ಬಡಿಸುತ್ತಾನೆ ಅಂತ ಒಮ್ಮೆ ನೋಡಬೇಕಿತ್ತು.’

ಅಮೆರಿಕದ ವಿಮಾನ ಟೆರೆನ್ಸ್ ಇಲ್ಲದೆ ಹೋಯಿತು. ಅವನು ನಮ್ಮಲ್ಲಿ ಒಂಬತ್ತು ಸೀಸನ್ ಆಡಿದ. ಸೆಂಟರಿನ ಎತ್ತರ, ಗಾರ್ಡಿನ ಕಣ್ಣು ಅಂತ ಪತ್ರಿಕೆಯವರು ಬರೆದರು. ಅವನ ಮಾವ ಒಮ್ಮೆ ಬಂದು, ನಮ್ಮ ಮನೆಯ ಹಾಲಿಗೆ ಬಲವಂತವಾಗಿ ಕಾರ್ಪೆಟ್ ಹಾಸಿಕೊಟ್ಟು ಹೋದರು. ಗ್ರೀನ್ ಕಾರ್ಡಿನ ಐದು ವರ್ಷ ಮುಗಿಯುವ ಹೊತ್ತಿಗೆ ಕಾನೂನು ಬದಲಾಗಿ ನಾವೂ ಉಳಿದುಕೊಂಡೆವು. ಬ್ರೆನ್ನರ್ ಮತ್ತೆಂದೂ ನನ್ನನ್ನು ಪ್ರಿಂಟರ್ ನೋಡಲು ಕರೆಯಲಿಲ್ಲ.

ಹೊಸಬರಿಗೆ ಹೇಳುವುದಿಷ್ಟೇ. ಅಂಕಿ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಹಾಲಿಗೆ ಬೇಗ ಹೋಗಿ. ಚೆಂಡು ಇಲ್ಲದವನನ್ನು ನೋಡಿ. ನೀರಿನ ಬಾಟಲಿ ಯಾರು ಯಾರಿಗೆ ಕೊಡುತ್ತಾರೆ ನೋಡಿ. ಮುಖ್ಯವಾಗಿ, ನೀನು ಚಿಕ್ಕವನಿದ್ದಾಗ ಎಲ್ಲಿ ಆಡುತ್ತಿದ್ದೆ ಅಂತ ಬಾಯಿ ಬಿಟ್ಟು ಕೇಳಿ.

ಹೋದ ವರ್ಷ ನನ್ನ ಬೀಳ್ಕೊಡುಗೆ ಅದೇ ಹಾಲಿನಲ್ಲಿ ನಡೆಯಿತು. ಭಾಷಣ ಬೇಡ, ಊಟ ಸಾಕು ಅಂದಿದ್ದೆ. ನಮ್ಮವರಿಗೆ ಈಗ ಮೊಣಕಾಲು ನೋವು, ಕುರ್ಚಿಯಲ್ಲಿ ಕೂತು ಆಜ್ಞೆ ಮಾಡುತ್ತಿದ್ದರು. ನಾನು ಎಲ್ಲ ಸರಿಯಾಗಿದೆಯೇ, ಯಾರಿಗೆ ಏನು ಬಂದಿಲ್ಲ ಅಂತ ಸಾಲಿನುದ್ದಕ್ಕೂ ಓಡಾಡುತ್ತಿದ್ದೆ. ಕಣ್ಣಿಗೆ ಬಿದ್ದ ಹುಡುಗರಿಗೆಲ್ಲ, ‘ಅಲ್ಲಿ ಅನ್ನ, ಇಲ್ಲಿ ಪಲ್ಯ’ ಅಂತ ಕೂಗುತ್ತಿದ್ದೆ. ಹಿಂದಿನಿಂದ ಯಾರೋ ನನ್ನ ಕೈಯ ಸೌಟನ್ನು ತೆಗೆದುಕೊಂಡರು. ತಲೆ ಎತ್ತಿ ನೋಡಿದೆ, ಬಹಳ ಮೇಲಕ್ಕೆ ನೋಡಬೇಕಾಯಿತು. ಗಡ್ಡ ನರೆತಿದೆ, ಹೊಟ್ಟೆ ಬಂದಿದೆ. ತಾನು ಈಗ ಮಕ್ಕಳಿಗೆ ಆಟ ಕಲಿಸುವ ದೂರದ ಊರಿನಿಂದ ರಾತ್ರಿ ರೈಲಿನಲ್ಲಿ ಬಂದಿದ್ದ.

‘ಬೇಡ ಬೇಡ, ಇನ್ನೂ ಎಷ್ಟು ಜನ ಇದಾರೆ,’ ಅಂತ ಒಂದು ಕೈ ಅಡ್ಡ ಹಿಡಿದೆ.

ಅವನು ನನ್ನ ಕೈ ನೋಡಿದ, ಮುಖ ನೋಡಿದ. ನಕ್ಕು, ನನ್ನ ಭುಜ ಹಿಡಿದು ಸಾಲಿನ ತಲೆಯಲ್ಲಿ ಕೂರಿಸಿದ. ಎಡಗಡೆ ಉಪ್ಪು ಹಾಕಿದ. ಆಮೇಲೆ, ನಮ್ಮವರು ಕಲಿಸಿದ ಒಂದೇ ಒಂದು ಕನ್ನಡ ವಾಕ್ಯವನ್ನು ಅವರದೇ ಧಾಟಿಯಲ್ಲಿ, ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದ.

‘ಮ್ಯಾಮ್! ಈಗ ನೀ ಉಣ್ಣೋ!’